ಪೂಜೆಗಿಟ್ಟ ರೂಲ್‌ಬುಕ್

ಬ್ರೌನ್ ಪೇಪರಿನ ಬೈಂಡು, ಅದರ ಮೇಲೆ ಒಣಗಿದ ಅರಿಶಿನ ಕುಂಕುಮ, ಒಳಗೆಲ್ಲ ನುಸಿಗುಳಿಗೆಯ ವಾಸನೆ. ಹೋದ ವಾರ ಒಬ್ಬ ಹೆಂಗಸು ತ್ಯಾಗರಾಜನಗರದ ನಮ್ಮ ಮನೆ ಹುಡುಕಿಕೊಂಡು ಬಂದು ಈ ಪುಸ್ತಕ ಕೊಟ್ಟು ಹೋದರು. ಹನುಮಂತನಗರದಲ್ಲಿ ನಾವು ಬಾಡಿಗೆಗಿದ್ದಾಗ ಕೆಳಗಿನ ಮನೆಯಲ್ಲಿದ್ದ ಅಂಕಲ್ ಅವರ ಮಗಳು. ಅಪ್ಪ ತೀರಿಕೊಂಡು ಮೂರು ತಿಂಗಳಾಯಿತು, ಕಪಾಟು ತೆಗೆದಾಗ ನಿಮ್ಮ ಹೆಸರಿನ ಚೀಟಿ ಸಮೇತ ಇದು ಸಿಕ್ಕಿತು ಎಂದರು. ಕಾಫಿ ಬೇಡವೆಂದರು. ಬೈಂಡಿನ ಮೇಲೆ ಶಾಲೆ ಮಕ್ಕಳ ಲೇಬಲ್ ಅಂಟಿಸಿತ್ತು. ವಿಷಯ ಎಂದಿರುವ ಕಡೆ ದುಂಡಗೆ ‘ಯುದ್ಧ’ ಎಂದು ಬರೆದಿತ್ತು. ಎರಡು ದಿನ ನಾನು ಅದನ್ನು ತೆರೆಯಲೇ ಇಲ್ಲ.

ನನಗೊಂದು ಹುಚ್ಚಿದೆ. ಮೇಜಿನ ಮೇಲೆ ಬೆಟ್ಟ, ಹೊಳೆ, ಕೋಟೆ ಜೋಡಿಸಿ, ಬೆರಳುದ್ದದ ಸೈನಿಕರ ಬೊಂಬೆಗಳನ್ನು ನಿಲ್ಲಿಸಿ, ಟೇಪು ಹಿಡಿದು ಅಳೆದು ನಡೆಸಿ, ದಾಳ ಉರುಳಿಸಿ ಯುದ್ಧ ಆಡುವುದು. ಇದಕ್ಕೆ ಇನ್ನೂರು ಪುಟದ ರೂಲ್‌ಬುಕ್ಕೇ ಇದೆ. ಭಾನುವಾರ ಬಂತೆಂದರೆ ನಾವು ನಾಲ್ಕು ಜನ ಗೆಳೆಯರು ನಮ್ಮ ಊಟದ ಮೇಜನ್ನು ರಣರಂಗ ಮಾಡುತ್ತಿದ್ದೆವು. ದಾಳ ಜಾರಿ ನೆಲಕ್ಕೆ ಬಿದ್ದರೆ ಕೆಳಗಿನ ಮನೆಗೆ ಕೇಳುತ್ತಿತ್ತು. ಅದನ್ನು ಹೇಳಲೆಂದೇ ಅಂಕಲ್ ಒಂದು ದಿನ ಮೆಟ್ಟಿಲು ಹತ್ತಿ ಬಂದರು. ಜಗಳ ಗ್ಯಾರಂಟಿ ಎಂದುಕೊಂಡೆ. ಅವರು ಕನ್ನಡಕ ಸರಿಮಾಡಿಕೊಂಡು ಮೇಜನ್ನೇ ನೋಡುತ್ತ ನಿಂತು, ಈ ಕುದುರೆ ಹೊಳೆ ದಾಟಬಹುದಾ ಎಂದು ಕೇಳಿದರು. ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ಬಂದು ಕೂತವರು ಅವರೇ.

ನೋಂದಣಿ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ನಾವು ನಾಲ್ವರೂ ರೂಲ್‌ಬುಕ್ಕನ್ನು ಟ್ಯಾಬಿನಲ್ಲಿ ಇಟ್ಟುಕೊಂಡಿದ್ದೆವು. ಹಗುರ, ಬೇಕಾದ್ದು ಹುಡುಕಿದರೆ ತಕ್ಷಣ ಸಿಗುತ್ತದೆ, ಆಟದ ಕಂಪನಿಯವರು ನಿಯಮ ತಿದ್ದಿದರೆ ತಾನೇ ಹೊಸದಾಗುತ್ತದೆ ಎಂದೆಲ್ಲ ಅವರಿಗೆ ಹೇಳಿದೆ. ಕೊನೆಯದನ್ನು ಕೇಳಿ ಅವರ ಮುಖ ಸಣ್ಣಗಾಯಿತು.

“ಫೈಲಲ್ಲಿ ತಿದ್ದಿದ್ರೆ ಯಾರಿಗೂ ಗೊತ್ತೇ ಆಗಲ್ಲ. ಪುಸ್ತಕದಲ್ಲಾದ್ರೆ ತಿದ್ದಿದ್ದು ಕಾಣತ್ತೆ ನೋಡಿ” ಎಂದರು.

ಅಚ್ಚಾದ ಪ್ರತಿಯನ್ನು ತರಿಸಿಕೊಂಡು, ಬೈಂಡು ಹಾಕಿ, ಸೀಸದಕಡ್ಡಿಯಲ್ಲಿ ಗೆರೆ ಎಳೆದು ಓದಿದರು. ಆಮೇಲೆ ನಾನೂ ಅವರೂ ಎಂಟು ತಿಂಗಳು ನಡೆಯುವ, ಹಲವು ಕಾಳಗಗಳ ಒಂದು ದೊಡ್ಡ ಯುದ್ಧ ಶುರುಮಾಡಿದೆವು. ಅಂಕಲ್ ಮೊದಲ ಪುಟದಲ್ಲಿ ಕರಾರು ಬರೆದರು. ಈ ಯುದ್ಧ ಮುಗಿಯುವವರೆಗೆ ಅಚ್ಚಾದ ಪುಸ್ತಕವೇ ಅಂತಿಮ, ಫೈಲಿನ ಬದಲಾವಣೆಗಳು ಅನ್ವಯಿಸತಕ್ಕದ್ದಲ್ಲ. ತಾವು ಸಹಿ ಮಾಡಿ, ನಾನು ಮಾಡಬೇಕಾದ ಜಾಗದಲ್ಲಿ ಸೀಸದಕಡ್ಡಿಯಿಂದ ಪುಟ್ಟ ಇಂಟು ಗುರುತು ಹಾಕಿದರು. ನಾನು ನಗುತ್ತಲೇ ಸಹಿ ಹಾಕಿದೆ.

ಕೊನೆಯ ಕಾಳಗ ಆಯುಧಪೂಜೆಯ ದಿನಕ್ಕೆ ಬಂತು, ಎಲ್ಲರಿಗೂ ರಜೆ ಇತ್ತಲ್ಲ. ಅಂಕಲ್ ಬಿಸ್ಕತ್ತಿನ ಡಬ್ಬಿಯಲ್ಲಿ ತಮ್ಮ ಎಂಟು ಕುದುರೆ ಸವಾರರನ್ನು ತಂದರು. ಭೂತಗನ್ನಡಿ ಹಿಡಿದು ತಾವೇ ಬಣ್ಣ ಹಚ್ಚಿದಂಥವು. ಅವನ್ನೂ ದಸರಾ ಬೊಂಬೆಗಳ ಜೊತೆ ಕೂರಿಸೋಣ ಎಂದು ಹೆಂಡತಿ ಹಟ ಹಿಡಿದಿದ್ದರಂತೆ, ಇವರು ಬಿಟ್ಟುಕೊಟ್ಟಿರಲಿಲ್ಲ. ಆದರೆ ಕೈಯಲ್ಲಿ ರೂಲ್‌ಬುಕ್ ಇರಲಿಲ್ಲ. ಎರಡು ದಿನದ ಹಿಂದೆಯೇ ಸರಸ್ವತಿ ಪೂಜೆಗೆ ಇಟ್ಟಾಗಿತ್ತು. ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಓದುವುದಿರಲಿ, ಅವರು ಮುಟ್ಟುತ್ತಲೂ ಇರಲಿಲ್ಲ. ನನ್ನ ಟ್ಯಾಬಿಗೂ ಬೆಳಿಗ್ಗೆ ಹೆಂಡತಿ ಕುಂಕುಮ ಇಟ್ಟಿದ್ದಳು. ಅದನ್ನು ನೋಡಿ ಅಂಕಲ್, ಇದೂ ಪುಸ್ತಕವೇ ಅಲ್ಲವಾ ಎಂದು ಕೇಳಿದರು.

“ಪುಸ್ತಕ ಎಲ್ಲಿ ಬಂತು ಅಂಕಲ್, ಇದು ಫೋನ್ ಇದ್ದ ಹಾಗೆ” ಎಂದೆ.

ಎಂಟು ತಿಂಗಳಲ್ಲಿ ನಾನು ಅವರೆದುರು ಒಂದು ಕಾಳಗವನ್ನೂ ಗೆದ್ದಿರಲಿಲ್ಲ. ಗೆಳೆಯರು ನನ್ನನ್ನು ಗೋಳು ಹೊಯ್ದುಕೊಳ್ಳುತ್ತಿದ್ದರು. ಅವತ್ತು ಮಧ್ಯಾಹ್ನದ ಹೊತ್ತಿಗೆ ಹೇಗೋ ಅವರ ಕುದುರೆಪಡೆ ದಿಕ್ಕೆಟ್ಟು ಓಡಿತು. ಸೇನಾಪತಿ ಹತ್ತಿರದಲ್ಲಿದ್ದರೆ ಓಡಿದ ಪಡೆಯನ್ನು ಮತ್ತೆ ಒಟ್ಟುಗೂಡಿಸಬಹುದು ಎಂಬ ನಿಯಮವಿತ್ತು. ಅಂಕಲ್ ಅದಕ್ಕೇ ದಾಳ ಎತ್ತಿಕೊಂಡರು. ನಾನು ಟ್ಯಾಬ್ ತೆರೆದೆ. ಫೈಲಿನಲ್ಲಿ ಆ ನಿಯಮ ಬದಲಾಗಿತ್ತು. ಒಮ್ಮೆ ಓಡಿದ ಪಡೆ ಮತ್ತೆ ಬರುವಂತಿಲ್ಲ. ಗಟ್ಟಿಯಾಗಿ ಓದಿದೆ.

ಕರಾರು ನನಗೆ ಮರೆತುಹೋಗಿರಲಿಲ್ಲ. ಓದುತ್ತಿರುವಾಗಲೇ ಅದು ಕಣ್ಣೆದುರಿಗೆ ಬಂತು, ಇಂಟು ಗುರುತಿನ ಮೇಲಿನ ನನ್ನ ಸಹಿ ಕೂಡ. ಆದರೂ ಬಾಯಿ ಬಿಡಲಿಲ್ಲ. ಅಂಕಲ್ ಪುಸ್ತಕದಲ್ಲಿ ಬೇರೆ ಇದ್ದ ನೆನಪು ಎಂದರು. ತೋರಿಸಿ ಎನ್ನುವಷ್ಟು ಭಂಡತನ ನನಗೆ ಎಲ್ಲಿಂದ ಬಂತೋ. ಪುಸ್ತಕ ತೆಗೆಯುವ ಹಾಗಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವರು ನನ್ನ ಮುಖ ನೋಡಿ, ಎತ್ತಿಕೊಂಡಿದ್ದ ದಾಳ ಕೆಳಗಿಟ್ಟರು.

“ನೀವು ಓದಿದ ಮೇಲೆ ಸರಿನೇ ಇರತ್ತೆ ಬಿಡಿ” ಎಂದು, ಕುದುರೆಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿಕೊಂಡರು.

ವಿಜಯದಶಮಿಯ ಸಂಜೆ ಅವರು ಮೆಟ್ಟಿಲ ಬುಡದಿಂದ ಕೂಗಿದರು. “ಸ್ವಲ್ಪ ಕೆಳಗ್ ಬಂದ್ ಹೋಗ್ತೀರಾ? ಒಂದ್ ಸೈನ್ ಬೇಕಾಗಿತ್ತು.” ಪುಸ್ತಕ ಮುಂದಿಟ್ಟು ನನ್ನ ಸುಳ್ಳನ್ನು ತೋರಿಸುತ್ತಾರೆ ಎಂದುಕೊಂಡೆ. ನಾಳೆ ಬರುತ್ತೇನೆ ಎಂದೆ. ಇನ್ನೆರಡು ಸಲ ಕರೆದರು, ಎರಡು ಸಲವೂ ಏನೋ ನೆಪ ಹೇಳಿದೆ. ಆಮೇಲೆ ಅವರು ಕರೆಯಲಿಲ್ಲ, ಭಾನುವಾರ ಮೇಲೆ ಬರಲೂ ಇಲ್ಲ. ಅಂಕಲ್‌ಗೆ ಮಂಡಿನೋವು ಎಂದು ಗೆಳೆಯರಿಗೆ ನಾನೇ ಹೇಳಿದೆ. ಅವರ ಕಣ್ಣಿಗೆ ಬೀಳಬಾರದೆಂದು ಚಪ್ಪಲಿ ಕೈಯಲ್ಲಿ ಹಿಡಿದು ಇಳಿದದ್ದೂ ಉಂಟು. ವರ್ಷ ತುಂಬುವುದರೊಳಗೆ ಮನೆ ಬದಲಾಯಿಸಿದೆವು.

ಈಗ ನಾವಿರುವುದು ನೆಲ ಅಂತಸ್ತಿನ ಮನೆಯಲ್ಲಿ, ಕೆಳಗೆ ಯಾರೂ ಇಲ್ಲ. ಆದರೂ ದಾಳ ನೆಲಕ್ಕೆ ಬಿದ್ದಾಗಲೆಲ್ಲ ನನ್ನ ಮಾತು ನಿಂತುಹೋಗುತ್ತದೆ, ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಕೇಳುತ್ತದೇನೋ ಎಂದು... ಇಷ್ಟು ವರ್ಷವಾದರೂ ಅದು ಹೋಗಿಲ್ಲ.

ಮೂರನೆಯ ದಿನ ಪುಸ್ತಕ ತೆರೆದೆ. ಕುದುರೆಪಡೆಯ ಪುಟದಲ್ಲಿ, ಹಳೆಯ ನಿಯಮದ ಮೇಲೆ ಒಂದು ಚೀಟಿ ಅಂಟಿಸಿತ್ತು. ನಾನು ಅವತ್ತು ಓದಿದ ನಿಯಮ, ಅವರ ದುಂಡಕ್ಷರದಲ್ಲಿ. ಬೆಳಕಿಗೆ ಹಿಡಿದರೆ ಅಡಿಯಲ್ಲಿ ಅಚ್ಚಿನ ಸಾಲುಗಳು ಮಸುಕಾಗಿ ಕಾಣುತ್ತವೆ. ತಮಾಷೆಯೆಂದರೆ ಫೈಲು ಹೋದ ವರ್ಷ ಮತ್ತೆ ಬದಲಾಯಿತು, ಓಡಿದ ಪಡೆ ಈಗ ವಾಪಸ್ ಬರಬಹುದು. ನಡುವೆ ಬೇರೆ ನಿಯಮ ಇತ್ತೆಂಬ ಗುರುತೂ ಅದರಲ್ಲಿಲ್ಲ.

ಮೊದಲ ಪುಟ ತಿರುಗಿಸಿದೆ. ಕರಾರಿನ ಮೇಲೆ ಸ್ಕೇಲು ಇಟ್ಟು ಗೆರೆ ಹೊಡೆದು, ಕೆಳಗೆ ಬರೆದಿದ್ದರು: ಉಭಯತ್ರರ ಒಪ್ಪಿಗೆಯ ಮೇರೆಗೆ ಫೈಲಿನ ಬದಲಾವಣೆಗಳೂ ಅನ್ವಯಿಸುತ್ತವೆ. ಅದರ ತಾರೀಖು ವಿಜಯದಶಮಿಯದಲ್ಲ, ಕಾಳಗಕ್ಕೆ ಹಿಂದಿನ ದಿನದ್ದು. ಪುಸ್ತಕ ಪೂಜೆಯಲ್ಲಿದ್ದ ದಿನ! ಜೀವಮಾನವಿಡೀ ದಸ್ತಾವೇಜು ನೋಡಿದ ಮನುಷ್ಯ, ನಾನು ಸುಳ್ಳನಾಗಬಾರದೆಂದು ಸುಳ್ಳು ತಾರೀಖು ಹಾಕಿದ್ದರು. ಅವರದೊಂದು ಸಹಿ. ಪಕ್ಕದಲ್ಲಿ ಇಂಟು ಗುರುತು, ಖಾಲಿ. ನನ್ನನ್ನು ಮೂರು ಸಲ ಕರೆದದ್ದು ಇದಕ್ಕೆ. ನಾಚಿಕೆಯಿಂದ ನನಗೆ ಅಳು ಬಂತು.

ಇವತ್ತು ಸರಸ್ವತಿ ಪೂಜೆ. ಹೆಂಡತಿ ಮಣೆಯ ಮೇಲೆ ಪುಸ್ತಕ ಜೋಡಿಸುತ್ತ, ಅದನ್ನೂ ಕೊಡಿ ಎಂದಳು. ಒಂದು ನಿಮಿಷ ಎಂದೆ. ಅಂಕಲ್ ಕಾಯುತ್ತಿದ್ದ ಜಾಗದಲ್ಲಿ ಸಹಿ ಹಾಕಲು ಕೈ ಬರಲಿಲ್ಲ. ಅದರ ಕೆಳಗೆ, ಕರಾರು ನನಗೆ ನೆನಪಿತ್ತು, ಕುದುರೆಗಳು ವಾಪಸ್ ಬರಬಹುದಿತ್ತು, ಆ ಕಾಳಗ ನಿಮ್ಮದೇ ಎಂದು ಬರೆದು ನನ್ನ ಸಹಿ ಹಾಕಿದೆ. ಪಕ್ಕದಲ್ಲಿ, ಅವರು ಸಹಿ ಮಾಡಬೇಕಾದ ಕಡೆ, ಸೀಸದಕಡ್ಡಿಯಿಂದ ಒಂದು ಇಂಟು ಗುರುತು ಹಾಕಿ ಪುಸ್ತಕ ಮುಚ್ಚಿ ಕೊಟ್ಟೆ. ಇನ್ನು ವಿಜಯದಶಮಿಯವರೆಗೆ ಅದನ್ನು ತೆರೆಯುವ ಹಾಗಿಲ್ಲ.