ಕಮಲಾಪುರದ ಬಾವಿಗೆ ಹೊರಟ ಹೂವಿನ ಚೀಲಗಳು

ಕಲಬುರಗಿಯಿಂದ ಕಮಲಾಪುರ ಮೂವತ್ತೈದು ಕಿಲೋಮೀಟರಿನ ಆಚೀಚೆ. ಹುಮನಾಬಾದ್ ರಸ್ತೆ ಹಿಡಿದ ಬಸ್ಸು ಸುಮಾರು ಒಂದು ತಾಸಿಗೆ ಇಳಿಸುತ್ತದೆ. ಇಷ್ಟು ಗಿಡ್ಡ ದಾರಿಯನ್ನು ಪ್ರವಾಸ ಎನ್ನಲು ನನಗೇ ಸಂಕೋಚ. ಆದರೆ ಎರಡನೇ ತರಗತಿಯ ಮಕ್ಕಳನ್ನು ಕಟ್ಟಿಕೊಂಡು ಹೋದವರಿಗೆ ಅದು ಕಾಶಿಗಿಂತ ಹತ್ತಿರವೇನಲ್ಲ.

ನಾನು ಅಂಚೆ ಕಚೇರಿಯಿಂದ ನಿವೃತ್ತನಾದವನು. ಜಗತ್ ಸರ್ಕಲ್ಲಿನ ಹಿಂದೆ ನನ್ನ ಮನೆ. ಗೋಡೆಗೆ ಗೋಡೆ ಹತ್ತಿಕೊಂಡು ಒಂದು ಸಣ್ಣ ಶಾಲೆ. ಅಲ್ಲಿಯ ನಸ್ರೀನ್ ಟೀಚರ್ ಮೋಮಿನಪುರದವರು. ಒಂದು ಸಂಜೆ ಬಾಗಿಲಿಗೆ ಬಂದು, "ಕಾಕಾ, ಇನ್ನೊಬ್ರು ದೊಡ್ಡವ್ರು ಜೋಡಿ ಇದ್ರಷ್ಟೇ ಮಕ್ಕಳನ್ನ ಹೊರಗ ಬಿಡ್ತೀನಿ ಅಂದಾರ್ರಿ ಹೆಡ್‌ಮಾಸ್ತರ್ರು. ನೀವ್ ಬರ್ತೀರೇನ್ರಿ?" ಎಂದು ಕೇಳಿದರು. ನೀರಿನ ಪಾಠವಂತೆ. ತರಗತಿಯಲ್ಲಿ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಮಕ್ಕಳು ನಳದಿಂದ ಎಂದವಂತೆ. ನಳಕ್ಕೆ? ಟ್ಯಾಂಕಿನಿಂದ. ಟ್ಯಾಂಕಿಗೆ? ಟ್ಯಾಂಕರಿನಿಂದ. ಟ್ಯಾಂಕರಿಗೆ? "ಡ್ರೈವರ್ ತರ್ತಾನ್ರಿ" ಎಂದು ಒಂದು ಮಗು ಅಲ್ಲಿಗೆ ಪ್ರಶ್ನೆ ಮುಗಿಸಿತ್ತು. ಟೀಚರಿಗೆ ಆ ಉತ್ತರ ನಿದ್ದೆ ಕೆಡಿಸಿತ್ತು. ಅವರ ಗೆಳತಿಯ ತಾಯಿ ನೀಲಮ್ಮನವರದು ಕಮಲಾಪುರದಲ್ಲಿ ತೋಟ, ತೋಟದಲ್ಲಿ ಬಾವಿ. ಅದನ್ನು ತೋರಿಸುವುದೆಂದು ನಿಶ್ಚಯವಾಯಿತು. "ಶನಿವಾರ ಬಾವಿ ನೋಡಲು ಹೋಗುತ್ತೇವೆ, ಬುತ್ತಿ ಕಟ್ಟಿ ಕಳಿಸಿ" ಎಂದು ಮನೆಮನೆಗೆ ಸುದ್ದಿ ಹೋಯಿತು.

ಶಿವರಾತ್ರಿ ಮುಗಿದು ಬಿಸಿಲು ಚುರುಕಾಗಿತ್ತು. ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಎಲ್ಲರೂ ಮಂಡಕ್ಕಿ ಸುಸಲಾ ತಿಂದೆವು, ನಾನು ಮೇಲೊಂದು ಮಿರ್ಚಿ ಭಜಿ ತಿಂದು ದಾರಿಯುದ್ದಕ್ಕೂ ಅನುಭವಿಸಿದೆ. ಬಸ್ಸಿನಲ್ಲಿ ಟೀಚರಿಗೂ ಹುಡುಗಿಯರಿಗೂ ಪುಕ್ಕಟೆ, ಹುಡುಗರಿಗೆ ಅರ್ಧ ಟಿಕೆಟ್, ನನಗೊಬ್ಬನಿಗೇ ಪೂರ್ತಿ. ಕಂಡಕ್ಟರ್ ಟಿಕೆಟ್ ಹರಿದು ಕೊಡುತ್ತ, "ಅಜ್ಜಾರ, ಗಾಡಿ ನಿಮ್ ರೊಕ್ಕದ ಮ್ಯಾಲೇ ಓಡಾಕತ್ತದ ನೋಡ್ರಿ" ಎಂದ. ಊರು ದಾಟಿದ ಮೇಲೆ ತೊಗರಿ ಕಟಾವಾದ ಕರಿ ಹೊಲಗಳು. ಕಿಟಕಿಯ ಪಕ್ಕದ ಸೀಟಿಗಾಗಿ ಎರಡು ಜಗಳಗಳಾದವು, ಒಂದರಲ್ಲಿ ನಾನೂ ಇದ್ದೆ.

ನನ್ನ ಪಕ್ಕ ಕೂತವಳು ಶಿವಲೀಲಾ. ಎರಡು ಜಡೆ, ಮಾತು ಕಡಿಮೆ. ಚೀಲವನ್ನು ತೊಡೆಯ ಮೇಲಿಂದ ಇಳಿಸಲೇ ಇಲ್ಲ. ಬುತ್ತಿಯ ಮೇಲೆ ಇಷ್ಟು ಜೀವವೇ ಎಂದುಕೊಂಡೆ.

ಕಮಲಾಪುರದಲ್ಲಿ ಇಳಿದೊಡನೆ ತಳ್ಳುಗಾಡಿಯ ಮೇಲೆ ಕೆಂಪು ಬಾಳೆಹಣ್ಣು ಕಂಡವು. ಮಕ್ಕಳಿಗೊಂದೊಂದು ಕೊಡಿಸಿ, ಹೊಲದ ದಾರಿಯಲ್ಲಿ ನಡೆಸಿಕೊಂಡು ಹೋದೆವು. ನೀಲಮ್ಮನವರು ತೋಟದ ಬದುವಿನಲ್ಲೇ ಕಾಯುತ್ತ ನಿಂತಿದ್ದರು. ಗಟ್ಟಿ ದನಿಯ, ನೇರ ಮಾತಿನ ಹೆಂಗಸು. ಮಕ್ಕಳ ತಲೆ ಸವರುವ ಮೊದಲೇ ತಮ್ಮ ಷರತ್ತು ಹೇಳಿದರು: "ಬಾವ್ಯಾಗ ಒಂದ್ ಕಸಕಡ್ಡಿ ಬೀಳಬಾರ್ದ್ ನೋಡ್ರಿ. ಹೋದ ಬ್ಯಾಸಗ್ಯಾಗ ಹೂಳ ತೆಗಿಸೀವಿ. ಇದೇ ನೀರ ನಾವ್ ಕುಡಿಯೋದು. ಏನರೆ ಬಿತ್ತಂದ್ರ ಮ್ಯಾಲ ತಗಡ ಹೊಡಿಸಿಬಿಡ್ತೀನಿ, ಆಮ್ಯಾಲ ಯಾರೂ ಬರೋದು ಬ್ಯಾಡ." ಪ್ರತಿ ವರ್ಷ ಮಕ್ಕಳನ್ನು ಇಲ್ಲಿಗೆ ಕರೆತರಬೇಕೆಂದು ಆಸೆ ಇಟ್ಟುಕೊಂಡಿದ್ದ ಟೀಚರ್ ಎಲ್ಲಕ್ಕೂ ತಲೆಯಾಡಿಸಿದರು.

ಮಕ್ಕಳು ಒಬ್ಬೊಬ್ಬರಾಗಿ ಕಟ್ಟೆಯ ಮೇಲಿಂದ ಇಣುಕಿದವು. ತಳದಲ್ಲಿ ಮುಗಿಲಿನ ಚೂರು, ಅದರ ನಡುವೆ ತಮ್ಮದೇ ತಲೆ. ಕೂಗಿದರೆ ಬಾವಿಯೂ ಕೂಗುತ್ತಿತ್ತು. ನೀಲಮ್ಮನವರು ರಾಟೆಯ ಮೇಲೆ ಒಂದು ಕೊಡ ಸೇದಿ ಬೊಗಸೆಬೊಗಸೆಗೆ ಹೊಯ್ದರು. ನೀರು ತಣ್ಣಗಿತ್ತು. "ಮಳಿ ನೀರ ಭೂಮಿಯೊಳಗ ಇಳದು ಇಲ್ಲಿ ಬಂದು ಕುಂತದ" ಎಂದು ಟೀಚರ್ ಹೇಳಿದರು. ಹೊಲಸು ಬಿದ್ದರೆ ನೀರು ಹೇಗೆ ಕೆಡುತ್ತದೆ ಎಂದೂ ಚೆನ್ನಾಗಿಯೇ ವಿವರಿಸಿದರು. ಕೊನೆಗೆ, "ಯಾರಿಗರೆ ಏನರೆ ಕೇಳೋದದೇನು?" ಎಂದರು.

ಶಿವಲೀಲಾ ಕೈ ಎತ್ತಿದಳು. "ಈಗ ಬಿಡ್ಲೇನ್ರಿ ಅಕ್ಕೋರ?"

ಅವಳ ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಒಳಗೆ ಶಿವರಾತ್ರಿ ಪೂಜೆಯ ಬಾಡಿದ ಹೂವು, ಪತ್ರಿ. ನೋಡನೋಡುತ್ತ ಮುಕ್ಕಾಲು ಮಕ್ಕಳ ಚೀಲಗಳು ಬಿಚ್ಚಿದವು. ದೇವರ ಹೂವನ್ನು ಕಸದ ಗಾಡಿಗೆ ಹಾಕುವಂತಿಲ್ಲ, ಕಾಲಡಿ ಬೀಳುವಂತಿಲ್ಲ, ನೀರಿಗೇ ಬಿಡಬೇಕು. ಶಹರದ ಮನೆಯಲ್ಲಿ ನೀರೆಲ್ಲಿದೆ? ಚೀಲ ಗೂಟಕ್ಕೆ ನೇತಾಡುತ್ತ ಹೊಳೆಯ ಕಡೆ ಹೋಗುವವರ ದಾರಿ ಕಾಯುತ್ತಿರುತ್ತದೆ. ನಮ್ಮ ಮನೆಯ ಬಾಗಿಲ ಹಿಂದೆಯೂ ಒಂದಿದೆ. ಬಾವಿಯ ಸುದ್ದಿ ತಲುಪಿದ್ದೇ ಅಜ್ಜಿಯರೆಲ್ಲ ಮೊಮ್ಮಕ್ಕಳ ಕೈಗೆ ಕೊಟ್ಟುಬಿಟ್ಟಿದ್ದರು.

ಅಷ್ಟರಲ್ಲಿ ಬಾವಿಯೊಳಗೆ ಧೊಪ್ ಎಂದಿತು. ಆದಿಲ್ ಎಂಬ ಹುಡುಗ ಅಪ್ಪಣೆಗೆ ಕಾದಿರಲಿಲ್ಲ. "ದರ್ಗಾದ ಹೂವ್ರಿ. ದಾದಿ ಹೇಳ್ಯಾಳ, ಬಾವ್ಯಾಗ ಠಂಡಾ ಮಾಡಿ ಬಾ ಅಂತ" ಎಂದ, ಅಜ್ಜಿ ಹೇಳಿದ ಕೆಲಸ ಮುಗಿಸಿದ ಸಮಾಧಾನದಲ್ಲಿ.

ಟೀಚರ್ ಮುಖ ಬಿಳಿಚಿಕೊಂಡಿತು. ನೀಲಮ್ಮನವರು ಕೂಗಾಡುತ್ತಾರೆಂದು ನಾನು ಹಿಂದೆ ಸರಿದೆ. ಅವರು ಕೂಗಾಡಲಿಲ್ಲ. "ಮುಗೀತು ಬಿಡ್ರಿ" ಎಂದಷ್ಟೇ ಹೇಳಿ ಹಗ್ಗ ಇಳಿಬಿಟ್ಟರು. ಕೂಗಾಟಕ್ಕಿಂತ ಆ ಮಾತು ತಡೆದುಕೊಳ್ಳುವುದು ಕಷ್ಟವಾಯಿತು. ಚೀಲ ತೇಲುತ್ತಿತ್ತು, ಕೊಡ ಹತ್ತಿರ ಹೋದಂತೆಲ್ಲ ದೂರ ಸರಿಯುತ್ತಿತ್ತು. ಚೀಲವೇನೋ ಕಡೆಗೆ ಸಿಕ್ಕಿತು. ಬಾಯಿ ಬಿಚ್ಚಿ ಚೆದುರಿದ ಎಸಳುಗಳನ್ನು ಮತ್ತೆಮತ್ತೆ ಕೊಡ ಮುಳುಗಿಸಿ ಎತ್ತಬೇಕಾಯಿತು. ಮಕ್ಕಳು ಕಟ್ಟೆ ಹಿಡಿದು ನೋಡಿದವು. ಆದಿಲ್ ಅಳುತ್ತಿದ್ದ.

ಟೀಚರ್ ಉಳಿದ ಚೀಲಗಳನ್ನು ವಾಪಸ್ ಇಟ್ಟುಕೊಳ್ಳಲು ಹೇಳಿದರು. ಶಿವಲೀಲಾ ಒಪ್ಪಲಿಲ್ಲ. "ಆಯಿಗೆ ಆಣಿ ಮಾಡೀನ್ರಿ. ನೀರ್ ಕಾಣ್ದಂಗ ತಿರುಗಿ ತಂದ್ರ ಒಳ್ಳೇದಲ್ಲಂತ." ಆಯಿ ಎಂದರೆ ಅವಳ ಅಜ್ಜಿ. ಬಾವಿ ನೋಡಿದಳು, ಚೀಲ ನೋಡಿದಳು, ಕಣ್ಣು ತುಂಬಿಕೊಂಡವು. ಏಳು ವರ್ಷದ ಕೂಸಿಗೆ ಹಿರಿಯರು ಹೊರಿಸುವ ಭಾರಕ್ಕೆ ಲೆಕ್ಕವಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಕೇಳಿದಳು: "ಇದನ್ನ ನೀರಾಗ ಹಾಕಬಾರ್ದು. ನೀರ್ ತಂದು ಇದರ ಮ್ಯಾಲ ಹಾಕಿದ್ರ ನಡೆಯಂಗಿಲ್ಲೇನ್ರಿ?"

ನಸ್ರೀನ್ ಟೀಚರ್ ನನ್ನ ಮುಖ ನೋಡಿದರು, ನಾನು ನೀಲಮ್ಮನವರ ಮುಖ ನೋಡಿದೆ. ಅವರು ಸಲಿಕೆ ತಂದು ಬಾಳೆಗಿಡದ ಬುಡದಲ್ಲಿ ಗುಂಡಿ ತೆಗೆದರು. ಪತ್ರಿ, ಚೆಂಡುಹೂವು, ದರ್ಗಾದ ಗುಲಾಬಿ ಎಲ್ಲ ಒಂದೇ ಗುಂಡಿಗೆ ಬಿದ್ದವು. ಮಣ್ಣು ಮುಚ್ಚಿ, ಶಿವಲೀಲಾ ಒಂದು ಬಿಂದಿಗೆ ನೀರು ಹೊಯ್ದಳು. ಆದಿಲ್ ಇನ್ನೊಂದು ಹೊಯ್ದ. ಖಾಲಿ ಪ್ಲಾಸ್ಟಿಕ್ ಚೀಲಗಳು ನನ್ನ ಪಾಲಿಗೆ ಬಂದವು.

ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಯ ಊಟ ಮುಗಿಸಿ ಹೊರಟಾಗ ಟೀಚರ್ ತಡೆತಡೆದು ತಗಡಿನ ವಿಷಯ ಎತ್ತಿದರು. ನೀಲಮ್ಮನವರು ಮಕ್ಕಳ ಬಾಟಲಿಗಳಿಗೆ ಬಾವಿಯ ನೀರು ತುಂಬುತ್ತಿದ್ದರು. "ಮಕ್ಕಳನ್ನ ಕರ್ಕೊಂಡ್ ಬರ್ರಿ ಅಕ್ಕೋರ" ಎಂದರು. "ಅವರ ಅಜ್ಜಿಗೋಳನ್ನ ಯಾರ್ ಕರ್ಕೊಂಡ್ ಬರ್ತಾರ?"

ಶಾಲೆ ಮುಟ್ಟಿದಾಗ ಬಿಸಿಲು ಇಳಿದಿತ್ತು. ಗೇಟಿನಲ್ಲಿ ಶಿವಲೀಲಾಳ ಅಜ್ಜಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ನಿಂತಿದ್ದರು. ಮೊಮ್ಮಗಳನ್ನು ಕಂಡೊಡನೆ ಮೊದಲ ಮಾತೇ, "ಬಾವ್ಯಾಗ ಬಿಟ್ಟ್ಯೇನವಾ?"

ಹುಡುಗಿ ಬಾಟಲಿಯ ಮುಚ್ಚಳ ತಿರುಗಿಸಿ ಮುಂದೆ ಹಿಡಿದಳು. "ಮೊದಲ ನೀರ್ ಕುಡಿ ಆಯಿ."

ಅಜ್ಜಿ ಮುಖ ಮೇಲೆತ್ತಿ ಗಟಗಟ ಕುಡಿದರು. "ಏನ್ ಸವಿ ಅದವಾ! ಎಲ್ಲೀದು?"

"ನೀ ಹೂವ ಹಾಕು ಅಂದಿದ್ದ್ಯಲ್ಲ, ಆ ಬಾವೀದು."

ಅಜ್ಜಿ ಬಾಟಲಿಯನ್ನೊಮ್ಮೆ ನೋಡಿದರು. ಅರ್ಧ ಉಳಿದಿತ್ತು. ಮೊಮ್ಮಗಳ ಕೈಯಿಂದ ಮುಚ್ಚಳ ಇಸಕೊಂಡು, ಒಳಗೆ ಏನೂ ಬೀಳದಂತೆ ಬಿಗಿಯಾಗಿ ತಿರುವಿದರು.