ಬಾಗಿಲಿಲ್ಲದ ಹೊಸ್ತಿಲು

ಬಂಗಾರಪೇಟೆಗೂ ಕೆ.ಜಿ.ಎಫ್.ಗೂ ನಡುವಿನ ಆಸ್ಪತ್ರೆಯೊಂದರ ನಡಿಗೆ ಕಲಿಸುವ ಕೋಣೆಯಲ್ಲಿ ಬಾಗಿಲಿಲ್ಲದ ಒಂದು ಹೊಸ್ತಿಲಿದೆ. ಬೇವಿನ ಮರದ್ದು, ನೆಲಕ್ಕೆ ಮೊಳೆ ಹೊಡೆದು ಕೂರಿಸಿದ್ದಾರೆ. ಅಪ್ಪ ತೀರಿಕೊಂಡ ಮೇಲೆ ಅವನ ಗಾಲಿಕುರ್ಚಿಯನ್ನು ಹಿಂದಿರುಗಿಸಲು ಮೊನ್ನೆ ಹೋದಾಗ ಬಗ್ಗಿ ಅದನ್ನು ಮೂಸಿದೆ. ಅರಿಶಿನದ ವಾಸನೆ ಇತ್ತೋ, ನನ್ನ ಮೂಗಿನ ಆಸೆಯೋ ಗೊತ್ತಿಲ್ಲ. ಆದರೆ ಕ್ಯಾಸಂಬಳ್ಳಿ ಹತ್ತಿರದ ನಮ್ಮ ಹೆಂಚಿನ ಮನೆ, ಸಗಣಿ ಸಾರಿಸಿದ ಅದರ ತಣ್ಣನೆಯ ನೆಲ, ಮುಂಜಾನೆ ಕುಕ್ಕರುಗಾಲಿನಲ್ಲಿ ಕೂತು ಹೊಸ್ತಿಲಿಗೆ ಅರಿಶಿನ ಬಳಿಯುತ್ತಿದ್ದ ಅಜ್ಜಿ, ಎಲ್ಲ ಒಟ್ಟಿಗೆ ನೆನಪಾಯಿತು. ಅಕ್ಕಿಯ ಸೇರು ಒದ್ದು ಅವಳು ಸೊಸೆಯಾಗಿ ದಾಟಿದ ಹೊಸ್ತಿಲು ಅದು, ಲಕ್ಷ್ಮಿ ಕೂರುವ ಜಾಗ. ಮಕ್ಕಳು ಮರೆತು ತುಳಿದರೆ ತೊಡೆ ಚಿವುಟುತ್ತಿದ್ದಳು. ನಿಮ್ಮ ಮನೆಯಲ್ಲೂ ಅಂಥ ಅಜ್ಜಿಯೊಬ್ಬಳು ಇದ್ದಿರಬಹುದು.

ಅಪ್ಪನದು ಹುಣಸೆ ಮರ ಹತ್ತಿ ಹಣ್ಣು ಉದುರಿಸುವ ಕೂಲಿ. ಒಂದು ಬೇಸಿಗೆ ಕೊಂಬೆ ಮುರಿದು ಬಿದ್ದ. ಸೊಂಟದಿಂದ ಕೆಳಗೆ ಜೀವವಿಲ್ಲದಾಯಿತು. ಇನ್ನು ಆಗುವುದೇನಿಲ್ಲ ಎಂದು ದೊಡ್ಡ ಡಾಕ್ಟರು ಕೈಚೆಲ್ಲಿದಾಗ ಯಾರೋ ಈ ಜಾಗ ತೋರಿಸಿದರು. ಗಣಿಯ ದೊರೆಗಳು ಬಿಟ್ಟುಹೋದ ಬಂಗಲೆಯಲ್ಲಿ ಪೋಲಿಯೊ ಮಕ್ಕಳಿಗಾಗಿ ಶುರುವಾದ ಆಸ್ಪತ್ರೆ ಅದು. ಪೋಲಿಯೊ ಕಡಿಮೆಯಾದಂತೆ ಮರದಿಂದ ಬಿದ್ದವರು, ಬೈಕಿನಿಂದ ಬಿದ್ದವರು, ಲಕ್ವ ಹೊಡೆದವರು ಬರತೊಡಗಿದರು. ಮೊದಲ ಮಕ್ಕಳಲ್ಲಿ ಒಬ್ಬಳಾಗಿ ತೆವಳಿಕೊಂಡು ಬಂದಿದ್ದ ಮೇರಿ ಅಕ್ಕ, ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡೇ ಅಲ್ಲಿ ಬೇರೆಯವರಿಗೆ ಏಳಲು ಕಲಿಸುತ್ತಿದ್ದಳು. ಅಪ್ಪನಿಗೆ ಹಾಸಿಗೆಯಿಂದ ಕುರ್ಚಿಗೆ ಜಾರುವುದನ್ನು, ಗಾಲಿ ತಳ್ಳುವುದನ್ನು, ಎಲ್ಲಕ್ಕಿಂತ ಹೆಚ್ಚಾಗಿ ಗೋಡೆಗೆ ಮುಖ ಮಾಡಿ ಮಲಗದಿರುವುದನ್ನು ಕಲಿಸಿದವಳು ಅವಳೇ.

ಮನೆಗೆ ಕಳಿಸುವ ಮುಂಚೆ ಮನೆ ನೋಡಿ ಬರುವುದು ಆ ಆಸ್ಪತ್ರೆಯ ಪದ್ಧತಿ. ಮೇರಿ ಅಕ್ಕ ಬಂದಳು. ಮೆಟ್ಟಿಲ ಮೇಲೆ ಕಲ್ಲುಚಪ್ಪಡಿ ಇಳಿಜಾರಾಗಿ ಹಾಕಿಸಲು ಅಜ್ಜಿ ಒಪ್ಪಿದಳು. ಹೊಸ್ತಿಲು ತೆಗೆಸಬೇಕು ಎಂದಾಗ ಮಾತ್ರ, ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಬಾಗಿಲಿಗೆ ಅಡ್ಡ ಕೂತುಬಿಟ್ಟಳು.

"ಅಜ್ಜೀ, ನಿಮ್ ಮಗ ತಾನೇ ಮನೆ ಒಳಗೆ ಓಗೋವರ್ಗೂ ನಮ್ ಕೆಲ್ಸ ಮುಗ್ಯಲ್ಲ," ಎಂದಳು ಮೇರಿ ಅಕ್ಕ, ತನ್ನ ತಮಿಳು ಎಳೆತದ ಕನ್ನಡದಲ್ಲಿ.

"ಒಸ್ಲು ತಗ್ಯಕ್ಕಾಗಲ್ಲ. ಎತ್ತಿ ಒಳ್ಗಾಕ್ಕೊಂತೀವಿ ಬಿಡವ್ವ," ಎಂದಳು ಅಜ್ಜಿ.

ಹೊಸ್ತಿಲು ಇದ್ದಂತೆಯೇ ಅಪ್ಪ ಮನೆಗೆ ಬಂದ. ಎತ್ತಲು ಇಬ್ಬರು ಗಂಡಸರು ಬೇಕು. ಕೂಲಿಯ ಊರಿನಲ್ಲಿ ಹಗಲು ಗಂಡಸರೆಲ್ಲಿ? ಅಮ್ಮನೂ ಕೂಲಿಗೆ ಹೋಗುತ್ತಿದ್ದಳು. ಬೆಳಿಗ್ಗೆ ಆಚೆ ಇಳಿಸಿದರೆ ಸಂಜೆಯವರೆಗೆ ಅಪ್ಪ ಆಚೆಯೇ. ಯಾರನ್ನೂ ಕರೆಯುವಂತಾಗಬಾರದೆಂದು ನೀರು ಕುಡಿಯುವುದನ್ನೂ ಕಡಿಮೆ ಮಾಡಿದ. ರಾತ್ರಿ ಮತ್ತೆ ಗೋಡೆಗೆ ಮುಖ ಮಾಡಿ ಮಲಗತೊಡಗಿದ. ನನಗೆ ಹೆದರಿಕೆಯಾಗುತ್ತಿತ್ತು. ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬರುವಾಗ ಆಲಿಕಲ್ಲು ಮಳೆ. ಅಪ್ಪನ ಕುರ್ಚಿಯ ಮುಂದಿನ ಗಾಲಿ ಹೊಸ್ತಿಲಿಗೆ ತಾಕಿ ನಿಂತಿತ್ತು, ಸೂರಿನ ನೀರೆಲ್ಲ ಅವನ ಮೇಲೆ. ಎತ್ತಲಾಗದ ಅಜ್ಜಿ ಒಳಗೂ ಹೋಗದೆ, ಅವನ ತಲೆಗೆ ತನ್ನ ಸೆರಗು ಹಿಡಿದು ಪಕ್ಕದಲ್ಲಿ ನೆನೆಯುತ್ತಿದ್ದಳು.

ಮಾರನೆಯ ಬೆಳಿಗ್ಗೆ ಅವಳು ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟು, ಕೈಮುಗಿದು, ಬಡಗಿ ಮುನಿಯಪ್ಪನನ್ನು ಕರೆಸಿದಳು. ಗರಗಸ ಹಿಡಿದವನು ಅಳುಕಿದ.

"ಕೊಯ್ಯಲಾ," ಎಂದಳು. "ನನ್ ಮಗ ಆಚೆ ನೆನೀತಿದ್ರೆ ಒಳ್ಗೆ ಕೂತ್ಕೊಳ್ಳೋಳು ಅದ್ಯಾವ ಲಕ್ಷ್ಮಿ ಕಣ್ಲಾ?"

ಕೊಯ್ದ ಮರವನ್ನು ಒಲೆಗೆ ಹಾಕುವಂತಿಲ್ಲ, ಬೀದಿಗೆ ಎಸೆಯುವಂತಿಲ್ಲ. ಹಳೆ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಒಯ್ದು ಮೇರಿ ಅಕ್ಕನಿಗೆ ಒಪ್ಪಿಸಿದಳು. ಎಲ್ಲರ ಮನೆಯ ಹೊಸ್ತಿಲನ್ನೂ ತೆಗೆಸಲಾಗುವುದಿಲ್ಲ, ಮಕ್ಕಳು ದಾಟಿ ಕಲಿಯಲಿ ಎಂದು ಮೇರಿ ಅಕ್ಕ ಅದನ್ನು ಆ ಕೋಣೆಯ ನೆಲಕ್ಕೆ ಕೂರಿಸಿದಳು. ಅಜ್ಜಿ ಸಾಯುವವರೆಗೆ ನಮ್ಮ ಬಾಗಿಲ ಬರಿ ನೆಲಕ್ಕೇ ಅರಿಶಿನ ಬಳಿದಳು. ಅಪ್ಪನ ಗಾಲಿಗಳು ಅದನ್ನು ಹೊತ್ತು ಒಲೆಯವರೆಗೆ ಎರಡು ಹಳದಿ ಗೆರೆ ಎಳೆಯುತ್ತಿದ್ದವು. ಅವನ್ನು ಒರೆಸಲು ಅಜ್ಜಿ ಅಮ್ಮನಿಗೆ ಬಿಡುತ್ತಿರಲಿಲ್ಲ.

ಈಗ ಅಜ್ಜಿಯಿಲ್ಲ, ಅಮ್ಮನಿಲ್ಲ, ಮೇರಿ ಅಕ್ಕನೂ ಇಲ್ಲ. ಅಪ್ಪನನ್ನು ನಾನು ಬಂಗಾರಪೇಟೆಗೆ ಕರೆತಂದ ಮೇಲೆ ಮನೆ ಬಿತ್ತು. ಆ ಜಾಗದಲ್ಲಿ ಯಾರೋ ಟೊಮೆಟೊ ಕ್ರೇಟು ಪೇರಿಸಿದ್ದಾರೆ. ಕುರ್ಚಿ ಒಪ್ಪಿಸಿ ಹೊರಡುವಾಗ ಬೂದಿಕೋಟೆ ಕಡೆಯ ಪುಟ್ಟ ಹುಡುಗಿಯೊಬ್ಬಳು ನಡಿಗೆ ಕಲಿಯುವ ಎರಡು ಬದಿಯ ಸರಳು ಹಿಡಿದು ಹೊಸ್ತಿಲ ಹತ್ತಿರ ಬಂದಳು. ಕಾಲೆತ್ತಿದಳು; ದಾಟಲಾಗದೆ ಅದರ ಮೇಲೆಯೇ ಇಟ್ಟು ಉಸಿರು ತೆಗೆದುಕೊಂಡಳು. ತುಳೀಬೇಡ ಎಂಬ ಅಜ್ಜಿಯ ಮಾತು ನನ್ನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ನಮ್ಮ ಮನೆ ಎಂದು ಉಳಿದಿರುವುದು ಆ ಹೊಸ್ತಿಲಷ್ಟೇ.

"ಬಾ ಮಗ, ಒಳಗ್ಬಾ," ಎಂದೆ.