ಕಡಲಿಗೆ ಹೋದ ಮಗಳು, ಮೂಲೆಗೆ ಕೂತ ಪೊರಕೆ

ಹೊಸ ಪೊರಕೆ ತಂದ ಮನೆಯಲ್ಲಿ ಮೊದಲ ನಾಲ್ಕು ದಿನ ನೆಲದ ಕಸ ಗುಡಿಸುವುದಿಲ್ಲ, ಪೊರಕೆ ಉದುರಿಸಿದ ಹೊಟ್ಟನ್ನೇ ಗುಡಿಸುತ್ತಾರೆ. ನಿಮಗೂ ಗೊತ್ತಿರುತ್ತೆ ಬಿಡಿ. ಇವತ್ತು ಬೆಳಿಗ್ಗೆ ಹೆಂಡತಿಯ ಅಪ್ಪಣೆಯಂತೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಒಂದು ಹುಲ್ಲಿನ ಪೊರಕೆ ಕೊಂಡೆ. ಅಂಗಡಿಯವನು ಅದನ್ನು ಕಂಬಕ್ಕೆ ಬಡಿದು ಕೊಟ್ಟ. ಆ ಒಣಹುಲ್ಲಿನ ಘಾಟಿಗೆ ಸೀನು ಬಂತು, ಸೀನಿನ ಹಿಂದೆಯೇ ಕಣ್ಣಲ್ಲಿ ನೀರೂ ಬಂತು. "ಧೂಳು ಸಾರ್" ಅಂದ. ಹೌದು ಅಂದೆ. ಪೊರಕೆ ಕೊಳ್ಳುತ್ತಾ ಅಳುವವನು ಅಂತ ಹೆಸರು ಬರುವುದು ಬೇಡ.

ನನ್ನ ಮಗಳು ಗೌರಿ ಒಬ್ಬಳೇ ಮಂಗಳೂರಿಂದ ಹಾಯಿದೋಣಿಯಲ್ಲಿ ಭೂಮಿ ಸುತ್ತಲು ಹೋಗಿದ್ದಳು. ಹೀಗೆ ಒಂದೇ ಉಸಿರಿಗೆ ಹೇಳುವುದು ಈಗ ಸುಲಭ. ಅವಳು ಮೊದಲ ಸಲ ಹೇಳಿದಾಗ ನಾನು ಹರಿದ ಚಪಾತಿ ಕೈಯಲ್ಲೇ ಹಿಡಿದುಕೊಂಡು ಕೂತುಬಿಟ್ಟಿದ್ದೆ. ನಮ್ಮ ವಂಶದಲ್ಲಿ ನೀರಿನ ಸಹವಾಸ ಅಂದರೆ ಸಂಪಿನ ತನಕ. ನಾನಂತೂ ಲಾಲ್‌ಬಾಗ್ ಕೆರೆಯನ್ನು ಏರಿ ಮೇಲಿಂದ ನೋಡಿಯೇ ತಲೆ ತಿರುಗಿ ಕೂತವನು. ಪಾತ್ರೆ ಅಂಗಡಿಯವನ ಮಗಳಿಗೆ ಈ ಹುಚ್ಚು ಎಲ್ಲಿಂದ ಅಂಟಿತೋ. ಪಕ್ಕದ ಮನೆಯ ರಾಜಣ್ಣ, "ಮಂಗಳೂರಿಂದ ಯಾಕೆ ಸಾರ್, ಜೋರು ಮಳೆ ಬಂದ ದಿನ ಸಿಲ್ಕ್ ಬೋರ್ಡಿಂದಲೇ ಹೊರಡಬಹುದಲ್ಲ" ಅಂತ ಕಾಲೆಳೆದರು.

ಅವಳು ಮನೆ ಬಿಟ್ಟ ಬೆಳಿಗ್ಗೆ ನನ್ನವಳು ಸರೋಜ ಅಭ್ಯಾಸಬಲದಿಂದ ಪೊರಕೆ ಎತ್ತಿಕೊಂಡಳು. ನಮ್ಮವ್ವ ಗದರಿದಳು. "ಏನೇ ಮಾಡ್ತಿದ್ದೀಯ? ಹೋದವರು ಊರು ಮುಟ್ಟೋ ತನಕ ಕಸ ಗುಡಿಸಬಾರದು ಅಂತ ಗೊತ್ತಿಲ್ವಾ?"

"ಗೊತ್ತು ಅತ್ತೆ. ಅವಳು ಊರು ಮುಟ್ಟೋದು ಮುಂದಿನ ವರ್ಷ."

"ಹಂಗಾದ್ರೆ ಮುಂದಿನ ವರ್ಷ ಗುಡ್ಸು."

ನಗಬೇಡಿ, ಹಾಗೇ ಆಯಿತು. ಈ ಪದ್ಧತಿ ಇರುವ ಮನೆಗಳಲ್ಲಿ ಬಸ್ಸು ಹತ್ತಿಸಿ ಬಂದು ಒಂದು ಗಳಿಗೆ ತಡೆದು ಗುಡಿಸುತ್ತಾರೆ. ನಮ್ಮವ್ವ ಅದನ್ನು ಪೆಸಿಫಿಕ್ ಸಾಗರಕ್ಕೂ ಹೊಂದಿಸಿಬಿಟ್ಟಳು. ಒದ್ದೆ ಬಟ್ಟೆಯಲ್ಲಿ ಒರೆಸಲು ಅಡ್ಡಿಯಿಲ್ಲ, ಪೊರಕೆ ಮಾತ್ರ ಕೂಡದು. ವ್ಯಾಕ್ಯೂಮ್ ಕ್ಲೀನರ್ ತರ್ತೀನಿ ಅಂದರೆ, "ಅದೂ ಪೊರಕೇನೇ, ಕರೆಂಟಿಂದು" ಅಂದಳು. ಗೌರಿ ಯಾವುದಾದರೂ ಬಂದರು ಸೇರಿದ ಸುದ್ದಿ ಬಂದರೆ ಆವತ್ತೊಂದು ದಿನ ವಿನಾಯಿತಿ. ಅವಳು ಆಸ್ಟ್ರೇಲಿಯಾ ಸೇರಿದ ದಿನ ಸರೋಜ ಮಂಚ, ಬೀರು ಎಲ್ಲ ಎಳೆದು ಹಬ್ಬದ ಹಾಗೆ ಗುಡಿಸಿದಳು. ಜೆ.ಪಿ. ನಗರದ ನಮ್ಮ ರಸ್ತೆಯವರು ಗೇಟಿನ ಮುಂದೆ ಕಸದ ರಾಶಿ ಕಂಡರೆ ಸಾಕು, "ಮಗಳು ಮುಟ್ಟಿದಳಾ ಸಾರ್?" ಅಂತ ಖುಷಿಯಿಂದ ಕೇಳುತ್ತಿದ್ದರು. ನಾನು ಅಂಗಡಿಯಲ್ಲಿ ಕೂತು, ಬಂದವರಿಗೆಲ್ಲ ಅವ್ವನ ಮೂಢನಂಬಿಕೆ ಹೇಳಿ ನಗಿಸುತ್ತಿದ್ದೆ. ವಿಜ್ಞಾನ ಓದಿದವನು ನೋಡಿ, ಪಿಯುಸಿ ತನಕ.

ನ್ಯೂಜಿಲೆಂಡ್ ಬಿಟ್ಟು ದಕ್ಷಿಣ ಅಮೆರಿಕದ ತುದಿ ಬಳಸುವಾಗ, ದಿನಾ ಸಂಜೆ ಬರುತ್ತಿದ್ದ ಅವಳ ಸಂದೇಶ ನಿಂತುಹೋಯಿತು. ವಾರ ಕಳೆಯಿತು. ಮನೆಯಲ್ಲಿ ಯಾರೂ ಆ ಮಾತೆತ್ತುತ್ತಿರಲಿಲ್ಲ, ಎಲ್ಲರ ಕಣ್ಣೂ ಫೋನಿನ ಮೇಲೆ. ಆಗಲೇ ಒಂದು ಬೆಳಿಗ್ಗೆ, ಮನೆಗೆಲಸದ ಲಕ್ಷ್ಮಮ್ಮ ರಜೆ ಹಾಕಿದ್ದರಿಂದ ಅವಳ ಬದಲಿಗೆ ಬಂದ ಹೆಂಗಸು ವಿಷಯ ತಿಳಿಯದೆ ನಡುಮನೆ ಗುಡಿಸತೊಡಗಿದಳು. ಅವ್ವ ಕೂಗಲಿಲ್ಲ, ಸರೋಜ ಅಲ್ಲಾಡಲಿಲ್ಲ. ಓಡಿಹೋಗಿ ಅವಳ ಕೈಯಿಂದ ಪೊರಕೆ ಕಿತ್ತುಕೊಂಡವನು ನಾನು. ಗುಡ್ಡೆ ಮಾಡಿದ್ದ ಹಿಡಿ ಕಸವನ್ನು ಬಗ್ಗಿ ಮತ್ತೆ ನೆಲಕ್ಕೆ ಹರಡಿದವನೂ ನಾನೇ.

ಆಕೆ ಹೆದರಿ, "ಏನಾಯ್ತಣ್ಣ?" ಅಂದಳು.

"ನನ್ನ ಮಗಳು ಸಮುದ್ರದಲ್ಲಿದ್ದಾಳಮ್ಮ" ಅಂದೆ. ಅಷ್ಟು ಭಯ ನನಗೆ ಹಿಂದೆಂದೂ ಆಗಿರಲಿಲ್ಲ.

ಮಾರನೇ ದಿನ ಮಧ್ಯಾಹ್ನ ಸಂದೇಶ ಬಂತು. ಬಿರುಗಾಳಿಗೆ ದೋಣಿ ಮಗುಚಿ ಎದ್ದಿತ್ತಂತೆ, ನೀರು ನುಗ್ಗಿ ಸಂದೇಶ ಕಳಿಸುವ ಯಂತ್ರ ಕೆಟ್ಟಿತ್ತಂತೆ. "ಚೆನ್ನಾಗಿದ್ದೀನಿ. ಅಜ್ಜಿ ಕೈ ರೊಟ್ಟಿ ತಿನ್ನೋ ಆಸೆ." ಅಷ್ಟೇ. ಸರೋಜ ಅಡುಗೆಮನೆಗೆ ಹೋಗಿ ಮನಸಾರೆ ಅತ್ತಳು. ನಾನು ಅಂಗಡಿಗೆ ಬಂದವರಿಗೆಲ್ಲ ಮೈಸೂರು ಪಾಕು ಹಂಚಿದೆ.

ಮೊನ್ನೆ ಅವಳು ಮಂಗಳೂರು ತಲುಪಿದಾಗ ನಾನೂ ಸರೋಜಳೂ ಬಂದರಿನಲ್ಲಿದ್ದೆವು. ಬಿಸಿಲಿಗೆ ಸುಟ್ಟು ಕರ್ರಗಾಗಿ, ಕುಡಿದವರ ಹಾಗೆ ತೂರಾಡುತ್ತಾ ಬಂದು ಅಪ್ಪಿಕೊಂಡಳು. ನಾನು ಅವ್ವನಿಗೆ ಫೋನ್ ಮಾಡಿ, "ಮುಟ್ಟಿದಳು ಕಣವ್ವ, ಇನ್ನು ಲಕ್ಷ್ಮಮ್ಮಂಗೆ ಗುಡಿಸೋಕೆ ಹೇಳು" ಅಂದೆ.

"ಮಂಗಳೂರು ಯಾವಾಗ ಅವಳ ಊರಾಯ್ತು? ಕೂಸು ಹುಟ್ಟಿದ್ದು ಜಯನಗರದಲ್ಲಿ. ಮನೆ ಹೊಸಿಲು ತುಳೀಲಿ ಮೊದಲು."

ಸಾಗರಗಳನ್ನೆಲ್ಲ ದಾಟಿದವಳು ನಿನ್ನೆ ಸಂಜೆ ಬನಶಂಕರಿ ಸಿಗ್ನಲ್ ದಾಟಲಾಗದೆ ಕಾರಿನಲ್ಲಿ ಚಡಪಡಿಸಿದಳು. ಅಲ್ಲೇ ಹೇಳಿದಳು: "ಅಪ್ಪ, ದೋಣಿ ಮಗುಚಿದಾಗ ಏನು ನೆನಪಾಯ್ತು ಗೊತ್ತಾ? ನಾನು ವಾಪಸ್ ಬರಲಿಲ್ಲ ಅಂದ್ರೆ ಅಜ್ಜಿ ಆ ಮನೇನ ಗುಡಿಸೋಕೇ ಬಿಡಲ್ಲ, ಅಮ್ಮ ಏನ್ ಮಾಡ್ತಾಳೆ ಅಂತ. ನಗು ಬಂದುಬಿಡ್ತು. ನಗ್ತಾನೇ ಹಗ್ಗ ಹಿಡ್ಕೊಂಡೆ." ನಾನು ಕಿಟಕಿಯಾಚೆ ನಿಂತಿದ್ದ ಬಸ್ಸನ್ನು ನೋಡುತ್ತಾ ಕೂತೆ.

ಈಗ ಹೊಸ ಪೊರಕೆ ಹಿಡಿದು ಮನೆಗೆ ಬಂದಿದ್ದೇನೆ. ಗೌರಿ ನಡುಮನೆಯಲ್ಲೇ ಚಾಪೆ ಹಾಸಿ ಮಲಗಿದ್ದಾಳೆ. ಮಂಚ ತೂಗಿದ ಹಾಗಾಗುತ್ತಂತೆ. ಗಂಟೆಗೊಮ್ಮೆ ಎದ್ದು ಹಾಯಿ ನೋಡುತ್ತಿದ್ದವಳು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾಳೆ. ಅವ್ವ ಪಕ್ಕದಲ್ಲಿ ಕೂತು ಸೆರಗಿನಿಂದ ನೊಣ ಓಡಿಸುತ್ತಿದ್ದಾಳೆ.

"ಈಗಲಾದರೂ ಗುಡಿಸಬಹುದಾ ಅವ್ವ?" ಅಂತ ಪಿಸುಗುಟ್ಟಿದೆ.

"ಸುಮ್ನಿರೋ. ಸದ್ದಿಗೆ ಎದ್ದುಬಿಟ್ಟಾಳು."

ಪೊರಕೆಯನ್ನು ಬಾಗಿಲ ಹೊರಗೆ ಒರಗಿಸಿ, ನಾನೂ ಮಗಳ ಕಾಲ ಹತ್ತಿರ, ಆ ಕಸದ ಮೇಲೆಯೇ ಕೂತುಕೊಂಡೆ.